ಮೀನಿನ ಕೆಳಮಗ್ಗುಲು

ಷೆಕ್ ಕಮ್‌ಲೋಯ್ ಹೋದ ಸೋಮವಾರ ಬೆಳಿಗ್ಗೆ ತೀರಿಕೊಂಡ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಅವನಿಗೆ ಎಪ್ಪತ್ತೆರಡು ವರ್ಷ. ಹಿಂದಿನ ಸಂಜೆ ಮನೆಮಂದಿಯೊಂದಿಗೆ ದೊಡ್ಡ ಹೋಟೆಲಿನಲ್ಲಿ ಊಟ ಮಾಡಿ ಬಂದು ಬೇಗ ಮಲಗಿದ್ದ. ಹೆಂಡತಿ ಯೀಲಾನ್ ಎಬ್ಬಿಸಲು ಹೋದಾಗ ಕೈ ತಣ್ಣಗಿತ್ತು. ಆ ಬಲ ಅಂಗೈಯಲ್ಲಿ ಸುಟ್ಟ ಕಲೆಯೊಂದಿತ್ತು. ಅದಕ್ಕೆ ಅವಳು ಹಚ್ಚಿದ್ದ ಮುಲಾಮು ಇನ್ನೂ ಜಿಡ್ಡುಜಿಡ್ಡಾಗಿತ್ತು.

ಅವನನ್ನು ಬಲ್ಲವರಿಗೆಲ್ಲ ಅವನ ನೆನಪು ಬರುವುದು ಊಟದ ಮೇಜಿನ ಎದುರಿಗೇ. ತಿಂಗಳಿಗೊಮ್ಮೆ ಗೆಳೆಯರೆಲ್ಲ ಸೇರಿ ಹಾಂಗ್‌ಕಾಂಗಿನ ಒಳ್ಳೆಯ ಹೋಟೆಲೊಂದಕ್ಕೆ ಹೋಗುವುದು ನಲವತ್ತರ ವಯಸ್ಸಿನಿಂದ ಬಂದ ರೂಢಿ. ಏನು ತರಿಸಬೇಕೆಂದು ಹೇಳುವ ಕೆಲಸ ಅವನದೇ. ಬಟ್ಟಲುಗಳನ್ನು ಬಿಸಿ ಚಹಾದಲ್ಲಿ ಜಾಲಿಸಿ ಎಲ್ಲರ ಮುಂದೆ ಇಡುತ್ತಿದ್ದ. ಬಾಗಿಲಿಗೆ ಮುಖ ಮಾಡಿದ ಗೌರವದ ಕುರ್ಚಿಯಲ್ಲಿ ಅತಿಥಿ ಕೂರುವವರೆಗೆ ತಾನು ಕೂರುತ್ತಿರಲಿಲ್ಲ. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ತಟ್ಟಿ ವಂದನೆ ಹೇಳುತ್ತಿದ್ದ, ಮಾತು ಎಷ್ಟೇ ಬಿರುಸಾಗಿ ನಡೆದಿದ್ದರೂ. ಲಿಫ್ಟ್ ಕಂಪನಿಯಲ್ಲಿ ಗ್ರೀಸ್ ಹಚ್ಚುವ ಹುಡುಗನಾಗಿ ಸೇರಿ ಮೇಲ್ವಿಚಾರಕನಾಗಿ ನಿವೃತ್ತನಾದವನು. ಎತ್ತರದ ಕಟ್ಟಡದ ಹೋಟೆಲುಗಳಿಗೆ ಹೋದರೆ ಲಿಫ್ಟಿನಲ್ಲಿ ಕಿವಿಗೊಟ್ಟು ಕೇಳಿ, 'ಹೋಗುವಾಗ ಮೆಟ್ಟಿಲಲ್ಲಿ ಇಳಿಯೋಣ' ಎಂದು ಗಂಭೀರವಾಗಿ ಹೇಳಿ ಎಲ್ಲರನ್ನೂ ಹೆದರಿಸುತ್ತಿದ್ದ.

ಒಂದೇ ಒಂದು ವಿಚಿತ್ರವಿತ್ತು. ಕಳೆದ ಇಪ್ಪತ್ತೈದು ವರ್ಷ ಅವನು ಇಡೀ ಮೀನು ತರಿಸುತ್ತಿರಲಿಲ್ಲ. ಸಿಗಡಿ, ಬಾತುಕೋಳಿ, ಸೀಳಿದ ಮೀನಿನ ತುಂಡು, ಏನು ಬೇಕಾದರೂ ಆಗಬಹುದು. ಆದರೆ ಶುಂಠಿ, ಈರುಳ್ಳಿ ಎಲೆ ಹಾಕಿ ಹಬೆಯಲ್ಲಿ ಬೇಯಿಸಿದ, ತಲೆ ಬಾಲ ಎರಡೂ ಇರುವ ಮೀನು ಮಾತ್ರ ಬೇಡ. ಅದಿಲ್ಲದ ಔತಣವನ್ನು ನಮ್ಮ ಊರಿನಲ್ಲಿ ಔತಣವೆನ್ನುವುದೇ ಇಲ್ಲ.

ಗೆಳೆಯನೊಬ್ಬ ಬಿಡದೆ ಛೇಡಿಸುತ್ತಿದ್ದ: "ಏನಯ್ಯಾ, ಮೀನಿಗೂ ನಿನಗೂ ಕೋರ್ಟಲ್ಲಿ ಏನಾದ್ರೂ ಕೇಸಿದೆಯಾ?"

"ಮುಳ್ಳು ಗಂಟಲಿಗೆ ಸಿಕ್ಕುತ್ತೆ ಕಣಯ್ಯಾ."

"ಎಪ್ಪತ್ತು ಲಕ್ಷ ಜನಕ್ಕೆ ಸಿಗದ ಮುಳ್ಳು ನಿನಗೊಬ್ಬನಿಗೇ ಸಿಗುತ್ತಾ?"

ಅವನು ನಕ್ಕು ಇನ್ನಷ್ಟು ನೀರು ಬೇಕೆಂಬ ಸನ್ನೆಯಾಗಿ ಚಹಾ ಪಾತ್ರೆಯ ಮುಚ್ಚಳ ಓರೆ ಮಾಡಿಡುತ್ತಿದ್ದ. ಬಿಸಿನೀರು ಬರುವಷ್ಟರಲ್ಲಿ ಮಾತು ಬೇರೆ ಕಡೆಗೆ ತಿರುಗಿರುತ್ತಿತ್ತು.

ಕಮ್‌ಲೋಯ್ ಹುಟ್ಟಿದ್ದು ಹಾಂಗ್‌ಕಾಂಗಿನದೇ ಆದ ಅಬರ್ಡೀನ್ ಬಂದರಿನಲ್ಲಿ, ಮನೆಯೂ ಆಗಿದ್ದ ಅಪ್ಪನ ಮೀನುದೋಣಿಯಲ್ಲಿ. ಅಣ್ಣ ಕಮ್‌ಶಿಂಗ್ ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು. ತಮ್ಮ ನೀರಿಗೆ ಬೀಳದಿರಲೆಂದು ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಂಡು ಬಲೆ ಎಳೆಯುತ್ತಿದ್ದವನು. ಕಮ್‌ಲೋಯ್‌ನನ್ನು ದಡದ ಶಾಲೆಗೆ ಹಾಕಿದಾಗ ಹುಡುಗರು ಮೂಗು ಮುಚ್ಚಿಕೊಂಡರು. 'ನೆಲದ ಮೇಲೆ ನಡೆಯೋಕೆ ಬರುತ್ತೇನೋ ದೋಣಿಯವನೇ' ಎಂದು ಹಿಂದಿನಿಂದ ಅವನ ಹಾಗೆ ಕಾಲಗಲಿಸಿ ನಡೆದು ತೋರಿಸಿದರು. ಅವನು ತನ್ನ ಪಾದ ನೋಡಿಕೊಂಡು ನಡೆಯುವುದನ್ನು ಕಲಿತ. ಎಂಟನೆಯ ತರಗತಿ ಮುಗಿದದ್ದೇ ದೋಣಿ ಬಿಟ್ಟು, ಊರಿನ ಇನ್ನೊಂದು ಬದಿಯಲ್ಲಿ ಕೆಲಸ ಹುಡುಕಿಕೊಂಡ. ಅಪ್ಪ ಸತ್ತ ಮೇಲೆ ದೋಣಿ ಅಣ್ಣನದಾಯಿತು.

ಯೀಲಾನ್ ಮೇಷ್ಟರ ಮಗಳು. ಮದುವೆಗೆ ಮುಂಚೆ ಅವಳ ಅಪ್ಪ ಅಮ್ಮನ ಜೊತೆ ಮೊದಲ ಸಲ ದೊಡ್ಡ ಹೋಟೆಲಿಗೆ ಹೋದ ದಿನ, ಹುರಿದ ಪಾರಿವಾಳ ಬಂದ ಖುಷಿಯಲ್ಲಿ ಅವನಿಗೆ ಮೈಮರೆಯಿತು. ಎರಡೂ ಕಾಲನ್ನು ಕುರ್ಚಿಯ ಮೇಲೆಳೆದುಕೊಂಡು, ದೋಣಿಯ ಹಲಗೆಯ ಮೇಲೆ ಕೂರುವಂತೆ ಕುಕ್ಕರಗಾಲಲ್ಲಿ ಕೂತು ತಿಂದ. ಮೇಷ್ಟರು ನೋಡಿದರು, ಚಹಾ ಬಗ್ಗಿಸಿಕೊಂಡರು.

ಟ್ರಾಮಿನಲ್ಲಿ ಯೀಲಾನ್ ಕೇಳಿದಳು: "ಕಾಲಿಳಿಸು ಅಂತ ಅಷ್ಟು ಸಲ ಚಿವುಟಿದ್ನಲ್ಲ, ಗೊತ್ತಾಗ್ಲಿಲ್ವಾ?"

"ಸೊಳ್ಳೆ ಅಂದ್ಕೊಂಡೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ. ಮೇಜಿನ ಶಿಸ್ತೆಲ್ಲ ಅವನಿಗೆ ಬಂದದ್ದು ಆಮೇಲೆ. ನೋಡಿ ನೋಡಿ ಕಲಿತದ್ದು, ಯಾರೂ ಕಲಿಸಿದ್ದಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಮಗಳು ವಿಂಗ್‌ಸಮ್ ಕಣ್ಣಿನ ಡಾಕ್ಟರ್ ಯುಂಗ್ ಅವರ ಮಗನನ್ನು ಮೆಚ್ಚಿದಳು. ಎರಡೂ ಮನೆಯವರು ಸೇರಿ ಉಣ್ಣುವುದೆಂದಾಯಿತು. ಯುಂಗ್ ಅವರೇ ಪೇಟೆಯ ನಡುವಿನ ಹೆಸರುವಾಸಿ ಹೋಟೆಲಿನಲ್ಲಿ ಪ್ರತ್ಯೇಕ ಕೋಣೆ ಹಿಡಿದರು. ಹೆಣ್ಣಿನ ಕಡೆಯ ಹಿರಿಯನೆಂದು ಅಣ್ಣ ಬರಲೇಬೇಕು. ಕಮ್‌ಲೋಯ್ ಬಂದರಿಗೆ ಹೋಗಿ ಕರೆದ. ಕರೆದವನು ಹಗ್ಗದ ಸುರುಳಿಯೊಂದನ್ನು ಕಾಲಿನಿಂದ ತಳ್ಳುತ್ತ ನಿಂತ.

"ಏನ್ಲಾ, ಇನ್ನೂ ಏನೋ ಅದೆ ಹೊಟ್ಟೇಲಿ. ಹೇಳ್ಬುಡು."

"ಅವರು ಕೇಳಿದ್ರೆ... ಹಡಗಿನ ವ್ಯವಹಾರ ಅಂದ್ಬಿಡು ಅಣ್ಣ."

ಅಣ್ಣ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಜೋರಾಗಿ ನಕ್ಕ. "ಹಡಗೇ ಅಲ್ವೇನ್ಲಾ ಇದು? ವಸಿ ಚಿಕ್ಕದು, ಅಷ್ಟೇಯ."

ಊಟದ ಸಂಜೆ ಅಣ್ಣ ಹೊಸದಾಗಿ ಹೊಲಿಸಿದ ಬೂದು ಬಣ್ಣದ ಸೂಟು ಹಾಕಿಕೊಂಡು, ಅತ್ತಿಗೆಯನ್ನೂ ಕರೆದುಕೊಂಡು ಬಂದ. ಡಾಕ್ಟರ್ ಯುಂಗ್ ಎದ್ದು ಹೋಗಿ ಕೈಹಿಡಿದು, ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಮನುಷ್ಯ ಯುಂಗ್. ಆಗಲೂ ಒಳ್ಳೆಯವರೇ, ಈಗಲೂ.

"ದೊಡ್ಡ ಬೀಗರದು ಹಡಗಿನ ವ್ಯವಹಾರ ಅಂತ ಕೇಳಿದೆ. ಯಾವ ಕಡೆ ಓಡಾಡುತ್ತೆ?"

"ದಕ್ಷಿಣಕ್ಕೆ ಸ್ವಾಮಿ," ಎಂದ ಅಣ್ಣ. "ಗಾಳಿ ನೋಡ್ಕಂಡು."

ಯುಂಗ್ ಅದನ್ನು ವ್ಯಾಪಾರಸ್ಥರ ಜಾಣ ಮಾತೆಂದು ತಿಳಿದು ಮೆಚ್ಚಿ ನಕ್ಕರು. ಕಮ್‌ಲೋಯ್‌ನ ಬೆನ್ನು ಬೆವೆತಿತ್ತು.

ಅನ್ನ ಬರುವ ಮುಂಚೆ ಮೀನು ಬಂತು. ಉದ್ದ ತಟ್ಟೆಯಲ್ಲಿ ಕೆಂಪು ಚುಕ್ಕೆಯ ಮೀನು, ತಲೆ ಅಣ್ಣನ ಕಡೆಗೆ. ಬಡಿಸಲು ಬಂದವನನ್ನು ಯುಂಗ್ 'ನಾವು ನಾವೇ ಬಡಿಸ್ಕೋತೀವಪ್ಪಾ' ಎಂದು ಕಳಿಸಿದರು. ಮೇಲಿನ ಮಗ್ಗುಲು ಖಾಲಿಯಾಯಿತು. ಅಣ್ಣ ಎದ್ದು ನಿಂತು, ಊಟದ ಕಡ್ಡಿಗಳನ್ನು ಬಾಲದ ಹತ್ತಿರ ತೂರಿಸಿ, ಬೆನ್ನುಮೂಳೆಯನ್ನು ಮೆಲ್ಲಗೆ ಬಿಡಿಸತೊಡಗಿದ. ದೋಣಿಯಲ್ಲಿ ಅಪ್ಪ ಬಿಡಿಸುತ್ತಿದ್ದದ್ದು ಹಾಗೆಯೇ.

"ಅಯ್ಯೋ, ಯಾಕೆ ಅಷ್ಟು ಕಷ್ಟ ಪಡ್ತೀರಿ ದೊಡ್ಡ ಬೀಗರೇ? ತಿರುವಿ ಹಾಕಿದ್ರಾಯ್ತು," ಎಂದರು ಯುಂಗ್. ಆಮೇಲೆ ಹುಡುಗರ ಕಡೆ ತಿರುಗಿದರು. "ನಿಮಗೆ ಗೊತ್ತಾ, ಈ ದೋಣಿ ಜನ ಇದ್ದಾರಲ್ಲ, ಅವರು ಸತ್ರೂ ಮೀನು ತಿರುವಲ್ಲ. ಮೀನು ತಿರುವಿದ್ರೆ ದೋಣಿ ಮಗುಚುತ್ತಂತೆ. ನನ್ನ ಹತ್ರ ಒಬ್ಬ ಕಣ್ಣು ತೋರಿಸೋಕೆ ಬರ್ತಿದ್ದ, ಪಾಪ. ನೀರಿನ ಮೇಲೇ ಹುಟ್ಟಿ ನೀರಿನ ಮೇಲೇ ಸಾಯೋ ಜನ, ಏನೇನೋ ನಂಬ್ಕೊಂಡಿರ್ತಾರೆ."

ಮೇಜಿನ ಸುತ್ತ ನಗು ಎದ್ದಿತು. ಅದರಲ್ಲಿ ವಿಷವಿರಲಿಲ್ಲ. ಅಣ್ಣನ ಕಡ್ಡಿ ಮಾತ್ರ ಮೂಳೆಯ ಕೆಳಗೆ ನಿಂತುಬಿಟ್ಟಿತು. ಅವನು ತಮ್ಮನ ಕಡೆ ನೋಡಿದ. ಏನಾದರೂ ಹೇಳು ಎಂದಲ್ಲ. ಏನು ಮಾಡಲಿ ಎಂದು ಕೇಳಿದ ಹಾಗೆ.

ಕಮ್‌ಲೋಯ್ ಆಗ ಅಣ್ಣನ ಮುಂದೆ ಕೈಚಾಚಿದ. ದೊಡ್ಡ ಚಮಚವನ್ನು ಮೀನಿನ ಹೊಟ್ಟೆಯಡಿ ತೂರಿಸಿ ಅದನ್ನು ತಿರುವಿ ಹಾಕಿದ. ತಟ್ಟೆಯ ಸಾರು ಮೇಜುವಸ್ತ್ರದ ಮೇಲೆ ಚೆಲ್ಲಿತು. "ಹೀಗೆ ಸುಲಭ," ಎಂದ. ಅಷ್ಟಕ್ಕೇ ಬಿಡಲಿಲ್ಲ. ನಕ್ಕ ಕೂಡ.

ಅತ್ತಿಗೆ ಬಟ್ಟಲನ್ನು ಕೆಳಗಿಟ್ಟಳು. ಅಣ್ಣ ಕೂತುಕೊಂಡ. ಕೆಳಮಗ್ಗುಲನ್ನು ಅವನ ಬಟ್ಟಲಿಗೆ ಹಾಕಲು ಹೋದಾಗ, ಸಾಕು, ಹೊಟ್ಟೆ ತುಂಬಿದೆ ಎಂದು ಕೈ ಅಡ್ಡ ಹಿಡಿದ. ಯುಂಗ್ ಚಹಾ ಬಗ್ಗಿಸಿದಾಗ ಎರಡು ಬೆರಳಿನಿಂದ ಮೇಜು ತಟ್ಟಿದ. ಕೊನೆಯವರೆಗೂ ಒಂದು ತಪ್ಪು ಮಾಡಲಿಲ್ಲ.

ಬೀದಿಯಲ್ಲಿ ಬಸ್ಸಿಗೆ ಕಾಯುವಾಗ ಕಮ್‌ಲೋಯ್ ತನ್ನ ಪಾದವನ್ನೇ ನೋಡುತ್ತ ನಿಂತ. ಅಣ್ಣನೇ ಹೇಳಿದ: "ಹುಡುಗ ಒಳ್ಳೇವ್ನು ಕಣ್ಲಾ. ಮೀನು ಮಾತ್ರ ವಸಿ ಜಾಸ್ತಿ ಬೆಂದಿತ್ತು."

ಮರುದಿನ ಬೆಳಿಗ್ಗೆ ಕಮ್‌ಲೋಯ್ ಕೆಲಸಕ್ಕೆ ರಜೆ ಹಾಕಿ ಬಂದರಿಗೆ ಹೋದ. ಗಾಳಿ ಹದವಾಗಿತ್ತು. ಉಳಿದ ದೋಣಿಗಳೆಲ್ಲ ಹೋಗಿದ್ದವು. ಅಣ್ಣನದೊಂದೇ ಕಟ್ಟಿಹಾಕಿತ್ತು. ಅತ್ತಿಗೆ ದೋಣಿಯ ಮೂತಿಯ ಹತ್ತಿರ ಊದುಬತ್ತಿ ಹಚ್ಚಿ ಕೂತಿದ್ದಳು. ಅಣ್ಣ ಹರಿಯದ ಬಲೆಯನ್ನು ಹೊಲಿಯುತ್ತಿದ್ದ.

"ಹೋಗ್ಲಿಲ್ವಾ ಅಣ್ಣ?"

"ನಿಮ್ಮ ಅತ್ತಿಗೆ ಬಿಡ್ಲಿಲ್ಲ."

"ಸುಮ್ನೆ ಅದು... ಹಳೇ ಕಾಲದ್ದು..."

"ಹೂಂ ಕಣ್ಲಾ. ಹಳೇ ಕಾಲದ್ದೇಯ." ದಾರವನ್ನು ಹಲ್ಲಿನಿಂದ ಕಡಿದು ಉಗಿದ. "ಗೊತ್ತಿಲ್ದೋರು ತಿರುವಿದ್ರೆ ಸಮುದ್ರಕ್ಕೂ ಸಿಟ್ಟು ಬರಾಕಿಲ್ಲ. ನೀನು ಗೊತ್ತಿದ್ದೂ ತಿರುವ್ದೆ. ನಾನ್ ಎದುರಿಗೇ ಕೂತಿದ್ದೆ."

ಆ ವಾರವೆಲ್ಲ ದೋಣಿ ನಿಂತಿತ್ತು. ಮುಂದಿನ ವಾರ ಹೋಯಿತು, ತುಂಬಿಕೊಂಡು ಬಂತು. ಏನೂ ಆಗಲಿಲ್ಲ. ಆ ವರ್ಷವೂ ಆಗಲಿಲ್ಲ, ಮುಂದೆಂದೂ ಆಗಲಿಲ್ಲ. ಏನಾದರೂ ಆಗಿದ್ದರೆ ಕಾಲು ಹಿಡಿದು ತಪ್ಪಾಯಿತು ಎನ್ನಬಹುದಿತ್ತು. ಆಗದೆ ಇದ್ದದ್ದಕ್ಕೆ ಹೇಗೆ ಕ್ಷಮೆ ಕೇಳುವುದು? ಹೊಸವರ್ಷಕ್ಕೆ ಅಣ್ಣ ಎಂದಿನಂತೆ ಒಣಮೀನು ಕಳಿಸಿದ. ಅದನ್ನು ಹಿಡಿದುಕೊಂಡು ಕಮ್‌ಲೋಯ್ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದನೆಂದು ಯೀಲಾನ್ ಹೇಳುತ್ತಾಳೆ. ಯಾಕೆಂದು ಅವಳಿಗೂ ಆಗ ತಿಳಿಯಲಿಲ್ಲ.

ಆಮೇಲೆ ಅವನು ಯಾವ ಮೇಜಿಗೂ ಇಡೀ ಮೀನು ತರಿಸಲಿಲ್ಲ. ಅಣ್ಣ ಯಾವ ಹೋಟೆಲಿನಲ್ಲೂ ಊಟಕ್ಕೆ ಕೂರಲಿಲ್ಲ. ಮದುವೆಯ ಔತಣಕ್ಕೆ ಬಂದು ವಿಂಗ್‌ಸಮ್‌ಳನ್ನು ಹರಸಿ, ಊಟಕ್ಕೆ ಮುಂಚೆ ಎದ್ದು ಹೋದ. ಮೊಮ್ಮಗಳಿಗೆ ತಿಂಗಳು ತುಂಬಿದ ಊಟಕ್ಕೆ, ಯೀಲಾನಳ ಅರವತ್ತಕ್ಕೆ, ಪ್ರತಿ ಸಲವೂ ಕಮ್‌ಲೋಯ್ ಹೋಗಿ ಕರೆಯುತ್ತಿದ್ದ. ಪ್ರತಿ ಸಲವೂ ಉತ್ತರ ಅದೇ: "ಗಾಳಿ ನೋಡ್ಬೇಕು ಕಣ್ಲಾ." ಸಿಟ್ಟಿಲ್ಲದ ದನಿಯಲ್ಲೇ ಹೇಳುತ್ತಿದ್ದ. ಕಮ್‌ಲೋಯ್‌ಗೆ ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು.

ಅತ್ತಿಗೆ ಹೋದಳು. ಅಣ್ಣನ ಮೊಣಕಾಲು ಹೋಯಿತು. ಎರಡು ವರ್ಷದ ಹಿಂದೆ ದೋಣಿ ಮಾರಿ, ಅವನು ಸರ್ಕಾರದ ಮನೆಗಳ ಹನ್ನೊಂದನೆಯ ಮಹಡಿಗೆ ಬಂದ. ಅಲ್ಲಿನ ಕಿಟಕಿಯಿಂದ ಬಂದರು ಕಾಣುತ್ತದೆ.

ಕಮ್‌ಲೋಯ್ ಸಾಯುವ ಹಿಂದಿನ ಸಂಜೆ, ಭಾನುವಾರ, ಮೊಮ್ಮಗಳಿಗೆ ಕೆಲಸ ಸಿಕ್ಕ ಖುಷಿಗೆ ಡಾಕ್ಟರ್ ಯುಂಗ್ ಮತ್ತೆ ಎಲ್ಲರನ್ನೂ ಊಟಕ್ಕೆ ಕರೆದರು. ವಿಂಗ್‌ಸಮ್ ತಾನೇ ಹೋಗಿ ದೊಡ್ಡಪ್ಪನನ್ನು ಕರೆತಂದಳು. 'ಇನ್ನ್ಯಾವ ಗಾಳಿ ನೋಡೋದು ಮಗಾ' ಎಂದು ಅವನು ಅದೇ ಬೂದು ಸೂಟು ಹಾಕಿಕೊಂಡು ಹೊರಟನಂತೆ. ಈಗದು ಅವನಿಗೆ ದೊಗಳೆ. ಬಾಗಿಲಲ್ಲಿ ಅಣ್ಣನನ್ನು ಕಂಡ ಕಮ್‌ಲೋಯ್ ಕುರ್ಚಿ ಎಳೆದುಕೊಟ್ಟ. ಬಟ್ಟಲು ಜಾಲಿಸಿ ಮುಂದಿಟ್ಟ.

ಮೀನು ತರಿಸಿದ್ದು ಯುಂಗ್. ಕೆಳಗೆ ಪುಟ್ಟ ದೀಪ ಉರಿಯುವ ಲೋಹದ ತಟ್ಟೆಯಲ್ಲಿ ಅದು ಕೊತಗುಟ್ಟುತ್ತ ಬಂತು. ಮೇಲಿನ ಮಗ್ಗುಲು ಮುಗಿಯಿತು. ಅಳಿಯ, ಬಡಿಸುತ್ತಿದ್ದವನು, ಏನೂ ಯೋಚಿಸದೆ ಚಮಚವನ್ನು ಮೀನಿನಡಿ ತೂರಿಸಿದ.

ಕಮ್‌ಲೋಯ್ ಎದ್ದು ಮೀನಿನ ಮೇಲೆ ಅಂಗೈ ಒತ್ತಿ ಹಿಡಿದ.

ಐವತ್ತು ವರ್ಷ ಮೇಜಿನ ಮರ್ಯಾದೆಯನ್ನು ಕಾದುಕೊಂಡು ಬಂದವನ ಬರಿಗೈ ಸಾರಿನಲ್ಲಿತ್ತು.

"ಮಾವ, ಸುಡುತ್ತೆ," ಎಂದ ಅಳಿಯ.

"ಚಮಚ ತೆಗಿಯಪ್ಪ."

ಅಣ್ಣ ಮೆಲ್ಲಗೆ ಹೇಳಿದ: "ಬಿಡ್ಲಾ. ದೋಣಿ ಮಾರಿ ಆಯ್ತಲ್ಲ."

"ಯಾವ ದೋಣಿ?" ಎಂದರು ಯುಂಗ್.

"ನಮ್ಮದು," ಎಂದ ಕಮ್‌ಲೋಯ್. ಅವನ ಕಿವಿ ಕೆಂಪಾಗಿತ್ತು, ಕಣ್ಣು ತಟ್ಟೆಯ ಮೇಲೇ ಇತ್ತು. "ನಾವು ದೋಣಿಯವರು ಡಾಕ್ಟ್ರೇ. ನಾನು ಹುಟ್ಟಿದ್ದು ಅದರಲ್ಲೇ. ನಮ್ಮಲ್ಲಿ ತಿರುವಲ್ಲ."

ಯುಂಗ್ ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದಾಗ ಮುದುಕರ ಮುಖ ಇಳಿದುಹೋಯಿತು. "ಬೀಗರೇ, ಆವತ್ತು ನಾನು..."

"ನೀವಲ್ಲ. ತಿರುವಿದ್ದು ನಾನು."

ಅಂಗೈ ತೆಗೆದ. ಒರೆಸಿಕೊಳ್ಳಲೂ ಇಲ್ಲ. ಕಡ್ಡಿಗಳನ್ನು ಬಾಲದ ಕಡೆಯಿಂದ ತೂರಿಸಿ ಮೂಳೆ ಎತ್ತತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಮೂಳೆ ಮುರಿಯಿತು. ಉಳಿದರ್ಧವನ್ನು ಬೆರಳಿನಿಂದಲೇ ಎಳೆದು ತಟ್ಟೆಯ ಅಂಚಿಗಿಟ್ಟ. ಕೆಳಮಗ್ಗುಲಿನ ದಪ್ಪ ಭಾಗವನ್ನು ಬಿಡಿಸಿ, ಸಣ್ಣ ಮುಳ್ಳುಗಳನ್ನೆಲ್ಲ ಆರಿಸಿ, ಅಣ್ಣನ ಬಟ್ಟಲಿಗೆ ಹಾಕಿದ. ತನ್ನ ಕುರ್ಚಿಗೆ ಹಿಂದಿರುಗಿ, ಕಡ್ಡಿಗಳನ್ನು ಕೆಳಗಿಟ್ಟು, ಅಣ್ಣ ಮೊದಲ ತುತ್ತು ಬಾಯಿಗಿಡಲೆಂದು ಕಾಯುತ್ತ ಕೂತ.