ಲಾಯದ ತೊಲೆಯ ಜೇಡ

ಡಿಸೆಂಬರ್ ಹದಿಮೂರು ಬಂತೆಂದರೆ ಕಿತಾಕಾಮಿ ನದಿಯ ಆ ಬಯಲಿನಲ್ಲಿ ಎಲ್ಲರೂ ಬಿದಿರಿನ ಪೊರಕೆ ಹಿಡಿದು ಮನೆಯ ವರ್ಷದ ಮಸಿ ಕೊಡವುತ್ತಾರೆ. ತೊಮೆ ಮಾತ್ರ ಕುದುರೆ ಲಾಯದ ತೊಲೆಗೆ ಪೊರಕೆ ಸೋಕಲು ಬಿಡುತ್ತಿರಲಿಲ್ಲ. ಅತ್ತೆ ಇಶಿಯದು ಎಂಟು ವರ್ಷದಿಂದ ಒಂದೇ ರಾಗ.

"ಊರೋರ ಕಚೇರಿ ಗುಡಿಸಿ ಬರ್ತಾಳೆ, ಮನೇಲಿ ಜೇಡಕ್ಕೆ ಬಾಣಂತನ ಮಾಡ್ತಾಳೆ."

ತೊಮೆ ಗುಡಿಸುತ್ತಿದ್ದುದು ದಿಬ್ಬದ ಮೇಲಿನ ವೀಕ್ಷಣಾಲಯವನ್ನು. ಭೂಮಿ ತಿರುಗುತ್ತ ತಿರುಗುತ್ತ ತುಸು ತೊನೆಯುತ್ತದಲ್ಲ, ಅದನ್ನು ಅಲ್ಲಿ ಅಳೆಯುತ್ತಿದ್ದರು. ದೂರದರ್ಶಕದ ಒಳಗೆ ಅಡ್ಡಲಾಗಿ ಬಿಗಿದ ಜೇಡನ ಎಳೆಗೆ ನೆತ್ತಿಯ ಮೇಲಿನ ನಕ್ಷತ್ರವನ್ನು ಹೊಂದಿಸಿ ನೋಡಬೇಕು. ಅಷ್ಟು ಸಣ್ಣ ಎಳೆ ಮನುಷ್ಯರ ರಾಟೆಯಿಂದ ಬರುವುದಿಲ್ಲ. ಜೇಡವನ್ನು ಕಡ್ಡಿಯಿಂದ ಕೆಳಗೆ ಇಳಿಬಿಟ್ಟು, ಅದು ಬಿಡುವ ಎಳೆಯನ್ನು ಕಡಿಯದಂತೆ ಸುತ್ತಿಕೊಳ್ಳುವ ಕೈಚಳಕ ತೊಮೆಯೊಬ್ಬಳಿಗೇ ಇತ್ತು. ಅದರ ಜಂಬವೂ ಇತ್ತು, ಇರಬೇಕಾದ್ದೇ.

ಆ ವರ್ಷ ಮಸಿ ಕೊಡವಿದ ಮರುದಿನ ಬೆಳಿಗ್ಗೆ ದೂರದರ್ಶಕದ ಎಳೆ ಕಡಿದುಹೋಯಿತು. ಇಪ್ಪತ್ತು ದಿನ ಕವಿದಿದ್ದ ಮೋಡ ಅಂದೇ ಚದುರಿತ್ತು.

"ಸಂಜೆಯೊಳಗೆ ಆಗುತ್ತಾ, ತೊಮೆಯಮ್ಮ?" ವೀಕ್ಷಕ ಕುದೊ ಮೇಷ್ಟ್ರು ಕೇಳಿದರು. "ಈ ತಿಂಗಳು ಒಂದು ಅಳತೆಯೂ ಸಿಕ್ಕಿಲ್ಲ."

"ನಮ್ಮ ಲಾಯ ಇರೋದ್ಯಾಕೆ, ಮೇಷ್ಟ್ರೇ?"

ಮನೆಗೆ ಬಂದು ನೋಡಿದರೆ ತೊಲೆ ಲಕಲಕ ಹೊಳೆಯುತ್ತಿತ್ತು. ಸೊಸೆ ಅತ್ತ ಹೋದದ್ದೇ ತಡ, ಅತ್ತೆ ಪೊರಕೆ ಆಡಿಸಿದ್ದಳು. ಊರಿನ ಬೇರೆ ಮನೆಗಳಲ್ಲಂತೂ ನಿನ್ನೆಯೇ ಎಲ್ಲ ಗುಡಿಸಿಯಾಗಿತ್ತು. ತೊಮೆ ಹುಲ್ಲಿನ ಮೇಲೆ ಕುಸಿದು ಅತ್ತುಬಿಟ್ಟಳು. ಗಂಡ ಸತ್ತಾಗ ಬಿಟ್ಟರೆ ಅತ್ತೆಯ ಎದುರು ಅವಳು ಅತ್ತವಳೇ ಅಲ್ಲ.

ಇಶಿ ಹಿತ್ತಲಿಗೆ ಹೋಗಿ, ಹಿಮದ ಮೇಲೆ ಸುರಿದಿದ್ದ ಮಸಿಗುಪ್ಪೆಯ ಮುಂದೆ ಮಂಡಿಯೂರಿ ಬರಿಗೈಯಲ್ಲಿ ಕೆದಕಿದಳು. ಮಧ್ಯಾಹ್ನದ ಹೊತ್ತಿಗೆ ಸೆಟೆದು ಬಿದ್ದಿದ್ದ ಒಂದು ಜೇಡವನ್ನು ಬಟ್ಟಲಲ್ಲಿ ತಂದು ಒಲೆಯ ಪಕ್ಕ ಇಟ್ಟಳು. ಬಿಸಿ ತಾಗಿ ಅದು ಮೆಲ್ಲಗೆ ಒಂದು ಕಾಲು ಆಡಿಸಿತು.

"ಭೂಮಿ ನಿಜವಾಗ್ಲೂ ಅಲ್ಲಾಡುತ್ತೇನೇ?" ಇಶಿ ಕೇಳಿದಳು.

"ಹೂಂ, ಅತ್ತೆ. ಧ್ರುವದ ಹತ್ರ, ನಮ್ಮ ಲಾಯದಷ್ಟು ಅಗಲ."

"ಅಷ್ಟೇನಾ? ಅದನ್ನ ಕಂಡುಹಿಡಿಯೋಕೆ ಈ ದರಿದ್ರ ಜೇಡ ಬೇಕಾ?"

"ಬೇಕು. ನಾನೂ ಬೇಕು."

ಹೊತ್ತು ಮುಳುಗುವ ಮೊದಲೇ ಹೊಸ ಎಳೆ ದೂರದರ್ಶಕದಲ್ಲಿ ಕೂತಿತು. ಮರುದಿನ ಬಾವಿಯ ಹತ್ತಿರ ನೆರೆಮನೆಯವಳು, "ಕೊನೆಗೂ ಲಾಯ ಗುಡಿಸಿದಿರಂತೆ" ಎಂದು ಕಿಸಕ್ಕನೆ ನಕ್ಕಳು.

"ತಪ್ಪು ಮಾಡಿದೆ ಕಣೇ," ಎಂದಳು ಇಶಿ. ಕೈಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ. "ನಿನ್ನೆ ಭೂಮಿ ಎಷ್ಟು ವಾಲಿತು ಅಂತ ಅಳೆದಿದ್ದು ನನ್ನ ಸೊಸೆ ತೆಗೆದ ಎಳೆ. ನಿಮ್ಮನೇಲಿ ಏನಿದೆ ಹೇಳು, ಹೊಳಪು ಬಿಟ್ರೆ?"