ಹರಿದೇ ಕೊಡುವ ಕಿಟಕಿ ಅಕ್ಕ

ಅವಳಿಗೆ ಕಿಟಕಿ ಅಕ್ಕ ಎಂಬ ಹೆಸರು ಬಿದ್ದದ್ದು ಟಾಕೀಸಿನಲ್ಲಿ. ಗೋಡೆಯಲ್ಲಿ ಒಂದು ಕೈ ಹಿಡಿಸುವಷ್ಟು ಕಿಂಡಿ, ಆಚೆ ನೂಕುನುಗ್ಗಲು, ಈಚೆ ಇವಳು. ಟಿಕೆಟು ಕೊಡುತ್ತ ಅರ್ಧ ಆಯುಷ್ಯ ಕಳೆದವಳು ಜನರ ಮುಖ ನೋಡಿದ್ದಕ್ಕಿಂತ ಕೈ ನೋಡಿದ್ದೇ ಹೆಚ್ಚು. ಅದೇ ಕೈ ಮತ್ತೆ ಮತ್ತೆ ಒಳಗೆ ಬಂದರೆ "ತೆಗಿ ಕೈ, ಬೆರಳು ಮುರೀತೀನಿ" ಅನ್ನುತ್ತಿದ್ದಳು. ನಿಜವಾಗಿ ಮುರಿದದ್ದು ಒಮ್ಮೆ ಮಾತ್ರ. ಅದೂ ಕಿಂಡಿಯ ಮುಚ್ಚಳ ತಾನಾಗಿಯೇ ಬಿದ್ದು. ಹಾಗಂತ ಅವಳು ಹೇಳುತ್ತಾಳೆ.

ಮುರಿದ ಬೆರಳಿನ ಒಡೆಯ ಗೇಟಿನಲ್ಲಿ ನಿಂತು "ಹತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು" ಎಂದು ಗೊಣಗುತ್ತ ಬ್ಲ್ಯಾಕಿನಲ್ಲಿ ಟಿಕೆಟು ಮಾರುತ್ತಿದ್ದವನು. ಊರೆಲ್ಲ ಅವನನ್ನು ಹತ್ತಿಪ್ಪತ್ತು ಅಂತಲೇ ಕರೆಯುತ್ತಿತ್ತು. ತನ್ನ ಕೈಗೆ ಗುರುತು ಬಿತ್ತೆಂದ ಮೇಲೆ ಅವನು ಬಾಡಿಗೆ ಕೈಗಳನ್ನು ಕಳಿಸತೊಡಗಿದ. ಆಗ ಅಕ್ಕ ಒಂದು ಪದ್ಧತಿ ಮಾಡಿದಳು. ಬಾಗಿಲಲ್ಲಿ ಹರಿಯಬೇಕಾದ ಟಿಕೆಟನ್ನು ಕಿಂಡಿಯಲ್ಲೇ ಹರಿದು ಕೊಡುವುದು. ಹರಿದ ಟಿಕೆಟು ಹಿಡಿದವನು ನೆಟ್ಟಗೆ ಒಳಗೆ ಹೋಗಿ ಕೂರಬೇಕು, ಗೇಟಿನಲ್ಲಿ ಮಾರಲು ಹೋದರೆ ಅದನ್ನು ಯಾರೂ ಮೂಸುವುದಿಲ್ಲ. ಆ ವಾರ ಹತ್ತಿಪ್ಪತ್ತಿನ ಬಾಡಿಗೆಯವರು ಒಂದೇ ಸಿನಿಮಾವನ್ನು ಸಾಕುಸಾಕಾಗುವಷ್ಟು ಸಲ ನೋಡಿದರು. ಕೆಟ್ಟ ಸಿನಿಮಾ ಬೇರೆ.

ಆಮೇಲೆ ಟಾಕೀಸು ಮುಚ್ಚಿತು. ಅಲ್ಲೀಗ ಸೋಫಾ ಮಾರುತ್ತಾರೆ. ಅಕ್ಕನನ್ನು ತಮ್ಮ ತನ್ನ ಆಟಿಕೆ ಅಂಗಡಿಗೆ ಕರೆದುಕೊಂಡ. ಪ್ರೀತಿಯಿಂದಲೇ ಕರೆದದ್ದು, ಪ್ರೀತಿ ಇದ್ದುದರಿಂದಲೇ ಸಂಬಳ ಕಡಿಮೆ. ಗಲ್ಲಾದ ಪಕ್ಕ ಒಂದು ಎತ್ತರದ ಸ್ಟೂಲು ಕೊಟ್ಟ. ಅವಳು ಮನೆಯಿಂದ ಹಳೇ ದಿಂಬೊಂದನ್ನು ತಂದು ಅದರ ಮೇಲೆ ಹಾಕಿಕೊಂಡು ಕೂತಳು.

ಅಂಗಡಿಯಲ್ಲಿ ಗೊಂಬೆಗಿಂತ, ಕಾರಿಗಿಂತ ಹೆಚ್ಚು ಹೋಗುತ್ತಿದ್ದದ್ದು ಆಟದ ಕಾರ್ಡು. ಅಂಗೈಯಗಲದ ರಟ್ಟಿನ ಚೂರು, ಅದರ ಮೇಲೆ ರೆಕ್ಕೆ ಬಂದ ಹುಲಿ, ಬೆಂಕಿ ಉಗುಳುವ ಮೀನು, ಇಂಥವು. ಇವನ್ನು ಪೊಟ್ಟಣ ಕಟ್ಟಿ, ಪೊಟ್ಟಣಗಳನ್ನು ಡಬ್ಬಿಗೆ ತುಂಬಿ, ಡಬ್ಬಿಗೆ ಪ್ಲಾಸ್ಟಿಕ್ಕು ಸುತ್ತಿ ಸೀಲು ಮಾಡಿ ಕಳಿಸುತ್ತಾರೆ. ಒಳಗೆ ಯಾವ ಕಾರ್ಡಿದೆಯೆಂದು ತೆಗೆಯುವವರೆಗೆ ಯಾರಿಗೂ ಗೊತ್ತಿಲ್ಲ. ಅಪರೂಪಕ್ಕೊಂದು ಹೊಳೆಯುವ ಕಾರ್ಡು ಬಂದರೆ ದೊಡ್ಡ ದೊಡ್ಡ ಮನುಷ್ಯರು ಕಿರುಚಿಕೊಳ್ಳುತ್ತಾರೆ. ಶನಿವಾರ ಅಂಗಡಿಯ ಮೂಲೆಯ ಮೇಜಿನಲ್ಲಿ ಹಾಗೆ ಕಿರುಚುವವರಲ್ಲಿ ಒಬ್ಬಳು ಆಸ್ಪತ್ರೆಯ ನರ್ಸು, ಒಬ್ಬ ಲಾರಿ ಡ್ರೈವರು. ಅಕ್ಕನಿಗೆ ಆಟ ತಿಳಿಯದು. ಮೇಜಿನವರು ಬಂದರೆ ಅಂಗಡಿಗೆ ಜೀವ ಬರುತ್ತದೆ ಎಂಬುದು ತಿಳಿದಿತ್ತು.

ಒಂದು ದಿನ ಹೊಸ ಡಬ್ಬಿಗಳು ಬಂದ ಬೆಳಗ್ಗೆಯೇ ಮಾರಿ ಮುಗಿದವು. ಮೇಜಿನವರಿಗೆ ಒಂದೂ ಸಿಗಲಿಲ್ಲ. ಸಂಜೆ ಅವೇ ಡಬ್ಬಿಗಳು ಎದುರಿನ ಫುಟ್‌ಪಾತಿನಲ್ಲಿ, ಒಂದು ಸ್ಕೂಟರಿನ ಸೀಟಿನ ಮೇಲೆ, ಮೂರು ಪಟ್ಟು ಬೆಲೆಗೆ ಕೂತಿದ್ದವು. ಸ್ಕೂಟರಿನ ಪಕ್ಕ ತಲೆಗೆ ಬಣ್ಣ ಹಚ್ಚಿ ಬಿಳಿ ಬೂಟು ಹಾಕಿದ ಮುದುಕ.

"ಅರೆ, ಕಿಟಕಿ! ಇನ್ನೂ ಬದುಕಿದ್ದೀಯಾ?"

"ನಿನ್ನನ್ನ ಸಾಗಹಾಕಿ ಹೋಗೋಣ ಅಂತ ಕಾಯ್ತಿದ್ದೀನಿ. ಕಿರುಬೆರಳು ಇನ್ನೂ ಸೊಟ್ಟಗೇ ಇದೆಯಲ್ಲೋ."

"ಚಳೀಲಿ ನೋಯುತ್ತೆ. ಆಗೆಲ್ಲ ನಿನ್ನನ್ನೇ ನೆನಸ್ಕೋತೀನಿ."

ಮುಂದಿನ ಸಲ ಡಬ್ಬಿ ಬಂದಾಗ ಅಕ್ಕ ಪ್ರತಿ ಡಬ್ಬಿಯ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎಬ್ಬಿಸಿ, ಸರ್ರನೆ ಹರಿದು, ಆಮೇಲೆ ಕೊಟ್ಟಳು. ಆಡುವವರಿಗೆ ನಷ್ಟವಿಲ್ಲ, ಅವರು ಹೇಗೂ ಹರಿಯುವವರೇ. ಆದರೆ ಸೀಲು ಹೋದ ಡಬ್ಬಿಯನ್ನು ಸ್ಕೂಟರಿನ ಮೇಲಿಟ್ಟರೆ, ಒಳಗಿನ ಒಳ್ಳೇ ಕಾರ್ಡು ಎತ್ತಿಕೊಂಡಿದ್ದಾನೆ ಎಂದು ಜನ ಮುಟ್ಟುವುದಿಲ್ಲ. ಕೆಲವು ತಿಂಗಳು ಹತ್ತಿಪ್ಪತ್ತು ಆ ಕಡೆ ತಲೆ ಹಾಕಲಿಲ್ಲ.

ತಲೆ ಹಾಕಿದ್ದು ತಮ್ಮನ ಹತ್ತಿರ.

"ಅಕ್ಕಾ, ನಾಳೆ ಹೊಸ ಡಬ್ಬಿ ಬರುತ್ತೆ. ಹರೀಬೇಡ," ಎಂದ ತಮ್ಮ, ಗಲ್ಲಾದೊಳಗೆ ಏನನ್ನೋ ಹುಡುಕುತ್ತ.

"ಯಾಕೆ?"

"ಅವನು ಜನ ಕಳಿಸ್ತಾನೆ. ಡಬ್ಬಿಗಿಷ್ಟು ಅಂತ ನಂಗೆ ಮೇಲೆ ಕೊಡ್ತಾನೆ."

"ಮೇಜಿನೋರಿಗೆ?"

"ಅವನ ಹತ್ರ ತಗೊಳ್ಲಿ. ಬೇಡ ಅಂದೋರು ಯಾರು?"

"ಮೂರು ಪಟ್ಟು ಕೊಟ್ಟು?"

"ಅದು ಅವರವರ ಜೇಬು. ನೋಡು, ನೀನು ಹರಿದ್ಯೋ, ಆ ಸ್ಟೂಲ್ ಮೇಲೆ ನನ್ನ ಹೆಂಡ್ತಿ ಕೂರ್ತಾಳೆ. ನೀನು ಮನೇಲಿ ಆರಾಮಾಗಿರು."

ಆರಾಮೆಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು. ತಮ್ಮನ ಮನೆಯ ಹಿಂದಿನ ಕೋಣೆ, ಒಣಗಿದ ಬಟ್ಟೆಯ ರಾಶಿ, ನಾದಿನಿ ಇಟ್ಟ ಚಾನೆಲ್ಲು. ಹರಿಯುವುದಿಲ್ಲ ಎಂದು ಅವಳು ನಿಜಕ್ಕೂ ತೀರ್ಮಾನಿಸಿದ್ದಳು. ಈ ವಯಸ್ಸಿನಲ್ಲಿ ಸ್ಟೂಲು ಕಳೆದುಕೊಂಡರೆ ಇನ್ನೊಂದು ಸ್ಟೂಲು ಯಾರೂ ಕೊಡುವುದಿಲ್ಲ.

ಬೆಳಗ್ಗೆ ಬಾಗಿಲು ತೆಗೆದಾಗ ಸಾಲು ರಸ್ತೆಯ ತಿರುವಿನವರೆಗೆ ಇತ್ತು. ಮುಂದೆ ನಿಂತವರಲ್ಲಿ ಮೇಜಿನ ಇಬ್ಬರನ್ನು ಬಿಟ್ಟರೆ ಉಳಿದವರು ಬಾಡಿಗೆಯವರೆಂದು ಕೈ ನೋಡಿಯೇ ಗೊತ್ತಾಯಿತು. ಆಡುವವರ ಕೈ ಚಡಪಡಿಸುತ್ತದೆ. ಇವರ ಕೈ ಜೇಬಿನಲ್ಲಿ ನಿದ್ದೆ ಮಾಡುತ್ತಿತ್ತು. ಹತ್ತಿಪ್ಪತ್ತು ಎದುರಿಗೆ ಸ್ಕೂಟರಿಗೆ ಒರಗಿ ನಿಂತಿದ್ದ.

ಮೊದಲನೆಯವನು ದುಡ್ಡಿಟ್ಟ. ಅಕ್ಕ ಡಬ್ಬಿ ತೆಗೆದುಕೊಂಡಳು. ಸರ್ರ್.

"ಅಕ್ಕಾ!"

"ಅಯ್ಯೋ, ಕೈ ರೂಢಿ ಕಣೋ," ಎಂದಳು. ಸುಳ್ಳಲ್ಲ. ಕೈ ಅವಳನ್ನು ಕೇಳಿರಲಿಲ್ಲ.

ಎರಡನೆಯದೂ ಹಾಗೇ ಆಯಿತು. ತಮ್ಮನ ಕಿವಿ ಕೆಂಪಾಯಿತು. ಮೂರನೆಯ ಡಬ್ಬಿ ಎತ್ತಿಕೊಂಡಾಗ ಅವಳು ತಲೆಯೆತ್ತಿ ಎದುರಿನ ಸ್ಕೂಟರನ್ನು ನೋಡಿದಳು, ಸೊಟ್ಟ ಕಿರುಬೆರಳನ್ನು ನೋಡಿದಳು, ಡಬ್ಬಿಯ ಮೂಲೆ ಹುಡುಕಿ ನಿಧಾನವಾಗಿ ಹರಿದಳು. ಇದು ರೂಢಿಯಲ್ಲ ಎಂದು ತಮ್ಮನಿಗೂ ಗೊತ್ತಾಯಿತು.

"ಏಳು," ಎಂದ. "ಒಳಗೆ ಹೋಗು."

ಅವಳು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿನ ಗೋದಾಮಿಗೆ ಹೋಗಿ, ಗೊಂಬೆಗಳ ಪೆಟ್ಟಿಗೆಯ ಮೇಲೆ ಕೂತಳು. ಪೆಟ್ಟಿಗೆಯೊಳಗೆ ಯಾವುದೋ ಗೊಂಬೆ "ಅಮ್ಮಾ" ಎಂದಿತು. ಸುಮ್ಮನಿರು ಎಂದಳು. ನಡುವೆ ಒಂದು ಪರದೆ, ಮಾತೆಲ್ಲ ಕೇಳುತ್ತಿತ್ತು.

ಸಾಲಿನಲ್ಲಿ ಮುಂದಿನವಳು ನರ್ಸು. ರಾತ್ರಿಪಾಳಿ ಮುಗಿಸಿ ನೇರ ಬಂದವಳು.

"ಅಕ್ಕ ಯಾಕೆ ಒಳಗೆ ಹೋದ್ರು?"

"ಹುಷಾರಿಲ್ಲ. ನಿಮಗೊಂದು ಡಬ್ಬಿ ತಾನೇ?"

"ನನ್ನ ಹಿಂದಿನೋರಿಗೆ ಹರಿದು ಕೊಡ್ತೀರಾ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ಯೋಚಿಸ್ತೀನಿ. ಕೆಂಪು ತಗೊಳ್ಲೋ ನೀಲಿ ತಗೊಳ್ಲೋ ಅಂತ."

ಅವಳು ಯೋಚಿಸಿದಳು. ಆಸ್ಪತ್ರೆಯಲ್ಲಿ ನಿಂತು ನಿಂತೇ ಪಳಗಿದ ಕಾಲು, ಕಣ್ಣು ತೆರೆದೇ ನಿದ್ದೆ ಮಾಡಬಲ್ಲ ಹೆಂಗಸು. ಸಾಲು ಜರುಗಲಿಲ್ಲ.

"ಪಕ್ಕಕ್ಕೆ ನಿಂತು ಯೋಚಿಸಿ," ಎಂದ ತಮ್ಮ.

"ಪಕ್ಕಕ್ಕೆ ನಿಂತ್ರೆ ಯೋಚನೆ ಬರಲ್ಲ."

ಅವಳ ಬೆನ್ನ ಹಿಂದೆ ಲಾರಿ ಡ್ರೈವರು ಬಾಗಿಲಿಗೆ ಅಡ್ಡ ನಿಂತಿದ್ದ. ಅವನ ಮೈ ಬಾಗಿಲಿಗೆ ಹೇಳಿ ಮಾಡಿಸಿದ ಹಾಗಿತ್ತು. "ಯೋಚನೆ ಮಾಡ್ಲಿ ಬಿಡಿ ಸಾರ್. ಆಮೇಲೆ ನಾನೂ ಮಾಡೋದಿದೆ," ಎಂದ.

ಬಾಡಿಗೆಯವರು ಗಲಾಟೆ ಮಾಡುತ್ತಾರೆಂದು ಅಕ್ಕ ಕಿವಿಗೊಟ್ಟಳು. ಗಲಾಟೆ ಬರಲಿಲ್ಲ. ಬದಲಿಗೆ ಹಿಂದಿನಿಂದ ಒಂದು ಸಮಾಧಾನದ ದನಿ ಬಂತು: "ಅವಸರ ಬೇಡ ತಾಯಿ, ನಿಧಾನಕ್ಕೆ ಯೋಚಿಸಿ." ಅವರಿಗೆ ಕೂಲಿ ಗಂಟೆಯ ಲೆಕ್ಕದಲ್ಲಿ. ಸಾಲು ನಿಂತಷ್ಟೂ ಅವರಿಗೆ ಲಾಭ. ಒಬ್ಬ ಚಪ್ಪಲಿ ಬಿಟ್ಟು ಅದರ ಮೇಲೆ ಕೂತ. ಇನ್ನೊಬ್ಬ ನರ್ಸಿಗೆ ನೀರಿನ ಬಾಟಲಿ ದಾಟಿಸಿದ.

ಹತ್ತಿಪ್ಪತ್ತು ರಸ್ತೆ ದಾಟಿ ಬಂದ.

"ಏನಯ್ಯಾ ಇದು? ನನ್ನ ಜನ ಬಿಸಿಲಲ್ಲಿ ಒಣಗ್ತಿದ್ದಾರೆ."

"ನಾವು ಚೆನ್ನಾಗಿದ್ದೀವಿ ಸಾರ್," ಎಂದರು ಅವನ ಜನ.

"ಅವಳನ್ನ ಆಚೆ ತಳ್ಳಯ್ಯ!"

"ನೀನೇ ತಳ್ಳು," ಎಂದ ತಮ್ಮ. "ಇಂಜೆಕ್ಷನ್ ಕೊಡೋ ಕೈ ಅದು. ನಾಳೆ ಯಾರು ಯಾರ ಕೈಗೆ ಸಿಗ್ತಾರೋ."

ಹೊತ್ತು ಏರಿತು. ಗೊಂಬೆ ಕೊಳ್ಳಲು ಬಂದವರು ಡ್ರೈವರನ್ನು ನೋಡಿ ತಿರುಗಿ ಹೋದರು. ಹತ್ತಿಪ್ಪತ್ತು ನಿಂತಲ್ಲೇ ಬೆರಳು ಮಡಿಸಿ ಕೂಲಿಯ ಲೆಕ್ಕ ಹಾಕುತ್ತಿದ್ದ. ಸೊಟ್ಟ ಬೆರಳು ಮಡಿಸಲು ಬಾರದೆ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಕೊನೆಗೆ ತನ್ನವರಿಗೆ "ಸಾಕು, ನಡೀರಿ" ಎಂದ. ನಿಂತ ಹೊತ್ತಿನ ಕೂಲಿ ಇಟ್ಟು ಹೋಗು ಎಂದು ಅವರು ಸ್ಕೂಟರನ್ನು ಸುತ್ತುವರಿದರು. ಗಲಾಟೆ ಆದದ್ದು ಆಗ.

ಪರದೆ ಸರಿಯಿತು.

"ಅಕ್ಕಾ, ಬಾ."

"ಎಲ್ಲಿಗೆ? ಮನೆಗಾ?"

"ಸ್ಟೂಲಿಗೆ."

"ಹರೀಲಾ?"

ತಮ್ಮ ಗೊಂಬೆಯ ಪೆಟ್ಟಿಗೆಯನ್ನು ನೋಡಿದ. "ಹರಿ."

"ಬೆಳಗ್ಗೆ ಬೇರೆ ಹೇಳಿದ್ದೆ."

"ಹರಿ ಅಂದೆನಲ್ಲ! ಇನ್ನೇನು ಡಂಗುರ ಹೊಡೆಸಲಾ?"

ಅವಳು ಏಳುವಾಗ ಗೊಂಬೆ ಮತ್ತೆ "ಅಮ್ಮಾ" ಎಂದಿತು. ದಿಂಬು ಕೊಡವಿ ಸ್ಟೂಲಿನ ಮೇಲೆ ಹಾಕಿ, ಹತ್ತಿ ಕೂತಳು. ನರ್ಸು ಎಚ್ಚರಾದಳು.

"ಯೋಚನೆ ಮುಗೀತಾ?"

"ಮುಗೀತು. ನೀಲಿ ಕೊಡಿ."

"ಬಂದಿರೋದೇ ನೀಲಿ. ಕೆಂಪು ಅನ್ನೋದೇ ಇಲ್ಲ."

"ಹೌದಾ? ಹಾಗಾದ್ರೆ ಸುಲಭ ಆಯ್ತು."

ಸರ್ರ್. ನರ್ಸು ಅಲ್ಲೇ ಪೊಟ್ಟಣಗಳನ್ನೆಲ್ಲ ಬಿಚ್ಚಿ ನೋಡಿದಳು. ಹೊಳೆಯುವ ಕಾರ್ಡು ಒಂದೂ ಇರಲಿಲ್ಲ. "ಬರೀ ಕಸ," ಎಂದು ಕಸವನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು, ಆಕಳಿಸಿ, ಮನೆಗೆ ಹೋದಳು.

"ಮುಂದಿನವರು ಬನ್ನಿ," ಎಂದಳು ಕಿಟಕಿ ಅಕ್ಕ, ಡ್ರೈವರಿನ ಕೈ ನೋಡುತ್ತ. ಅದು ಆಗಲೇ ಚಡಪಡಿಸುತ್ತಿತ್ತು.