ಅಕ್ಕ ಒಪ್ಪಿಕೊಂಡ ತಪ್ಪು

ನಮ್ಮಕ್ಕನ ಕಾಲನ್ನು ಯಾರಾದರೂ ತುಳಿದರೆ ಕ್ಷಮೆ ಕೇಳುವವಳು ನಮ್ಮಕ್ಕನೇ. ದರ್ಜಿ ಅಂಗಿಯ ತೋಳನ್ನು ಬಿಗಿಯಾಗಿ ಹೊಲಿದು ಹಾಳು ಮಾಡಿದರೆ, "ನನ್ನ ತೋಳೇ ದಪ್ಪ ಆಗಿಬಿಟ್ಟಿದೆ, ಪಾಪ, ನಿಮಗೆ ಎರಡೆರಡು ಸಲ ಕೆಲಸ" ಎಂದು ಅವನಿಗೇ ಸಮಾಧಾನ ಹೇಳಿ ಬರುತ್ತಾಳೆ. ಕುರ್ಚಿಗೆ ಎಡವಿದರೆ ಕುರ್ಚಿಗೂ ಒಂದು "ತಪ್ಪಾಯ್ತು" ಸಲ್ಲುತ್ತದೆ. ಅವಳ ಬೆನ್ನಿಗೇ ಹುಟ್ಟಿದವಳು ನಾನು, ಆ ಗುಣದ ಒಂದು ತೊಟ್ಟೂ ನನಗೆ ಬಂದಿಲ್ಲ. ನನ್ನ ಕಾಲು ತುಳಿದವರು ಬೀದಿ ತಿರುಗುವವರೆಗೂ ನನ್ನ ಬಾಯಿಂದ ಕೇಳಿಸಿಕೊಳ್ಳಬೇಕಾಗುತ್ತದೆ.

ನಮ್ಮದು ಲಾಂಡ್ರಿ. ದೊಡ್ಡಾಸ್ಪತ್ರೆಯ ಚಾದರ, ದಿಂಬಿನ ಚೀಲ, ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಟವಲು, ಎಲ್ಲ ನಮ್ಮಲ್ಲಿಗೇ ಬರುತ್ತವೆ. ಒಗೆಯುವ ಯಂತ್ರಗಳನ್ನು ಭಾವ ನೋಡಿಕೊಳ್ಳುತ್ತಾರೆ. ಇಸ್ತ್ರಿ ಮೇಜು ನನ್ನದು. ನನ್ನ ಸಿಟ್ಟೆಲ್ಲ ಸುಕ್ಕಿನ ಮೇಲೆ ಇಳಿಯುವುದರಿಂದಲೇ ಚಾದರಗಳು ಅಷ್ಟು ನುಣ್ಣಗಾಗುತ್ತವೆ ಎಂದು ಭಾವ ರೇಗಿಸುತ್ತಾರೆ. ಕೊಳೆ ಗಂಟು ತರುವುದು, ಮಡಿಸಿದ್ದನ್ನು ತಲುಪಿಸುವುದು ಅಕ್ಕನ ಕೆಲಸ. ಭಾವನ ಕಣ್ಣು ಮಂಜಾದ ಮೇಲೆ ವ್ಯಾನಿನ ಬೀಗದ ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನಲವತ್ತು ದಾಟಿದ ಅಕ್ಕ ಒಂದು ದಿನ ಅದನ್ನು ಎತ್ತಿಕೊಂಡಳು. ಮೊದಲ ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ, ನಿಮ್ಮ ಹೊತ್ತು ಹಾಳು ಮಾಡಿದೆ ಎಂದು ಪರೀಕ್ಷೆ ಮಾಡಿದವರ ಹತ್ತಿರವೇ ಕ್ಷಮೆ ಕೇಳಿ ಬಂದಳು. ಮತ್ತೆ ಹೋದಳು, ಪಾಸಾದಳು.

ಲೈಸೆನ್ಸ್ ಬಂದ ಮೇಲೆ ನಾನು ಕಂಡದ್ದು ಬೇರೆಯೇ ಅಕ್ಕನನ್ನು. ಸ್ಟೇರಿಂಗ್ ಹಿಡಿದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಹಿಂದಿನ ಗಾಡಿಯವರು ಎಷ್ಟು ಹಾರನ್ ಬಡಿದರೂ ಗಡಬಡಿಸುತ್ತಿರಲಿಲ್ಲ. "ಅವರಿಗೆ ಅವಸರ ಇರಬಹುದು, ಆದ್ರೆ ದಾರಿ ನಂದೂ ಹೌದಲ್ಲ" ಅನ್ನುತ್ತಿದ್ದಳು. ಇಡೀ ದಿನದಲ್ಲಿ ಅವಳು ಯಾರ ಹತ್ತಿರವೂ ಕ್ಷಮೆ ಕೇಳದೆ ಕೂರುತ್ತಿದ್ದ ಜಾಗ ಅದೊಂದೇ. ಲಾಂಡ್ರಿಗೆ ಬೇಕಾದರೆ ಇನ್ನೊಬ್ಬ ಡ್ರೈವರನ್ನು ಹುಡುಕಬಹುದು. ಅಕ್ಕನಿಗೆ ಅಂಥ ಇನ್ನೊಂದು ಜಾಗ ಎಲ್ಲಿಂದ ತರುವುದು?

ಅವತ್ತು ಬೆಳಿಗ್ಗೆ ಅವಳು ಆಸ್ಪತ್ರೆಗೆ ಮಡಿಸಿದ ಚಾದರಗಳ ಗಂಟು ಒಯ್ಯುತ್ತಿದ್ದಳು. ನಾಲ್ಕು ರಸ್ತೆ ಕೂಡುವಲ್ಲಿ ಹಸಿರು ದೀಪ ಬಂದ ಮೇಲೆ ಬಲಕ್ಕೆ ತಿರುಗಿದಳು. ಅಡ್ಡ ರಸ್ತೆಯಿಂದ ಟೈಲ್ಸ್ ತುಂಬಿದ ಕಂಪನಿ ಲಾರಿಯೊಂದು ನಿಲ್ಲದೆ ನುಗ್ಗಿ ವ್ಯಾನಿನ ಹಿಂಭಾಗಕ್ಕೆ ಗುದ್ದಿತು. ವ್ಯಾನು ಗಿರ್ರನೆ ತಿರುಗಿ ನಿಂತಿತು. ಲಾರಿ ಫುಟ್‌ಪಾತ್ ಹತ್ತಿ ದೀಪದ ಕಂಬಕ್ಕೆ ಬಡಿದು ನಿಂತಿತು.

ಮೂಲೆಯ ಟೀ ಅಂಗಡಿಯಾಕೆ ನನಗೆ ಫೋನ್ ಮಾಡಿದಳು. ಇಸ್ತ್ರಿ ಪೆಟ್ಟಿಗೆ ಬಿಟ್ಟು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ರಸ್ತೆ ತುಂಬ ನಾನೇ ಮಡಿಸಿದ ಬಿಳಿ ಚಾದರಗಳು ಚೆಲ್ಲಾಪಿಲ್ಲಿಯಾಗಿದ್ದವು. ವ್ಯಾನಿನೊಳಗೆ ಅಕ್ಕ ಇರಲಿಲ್ಲ. ನೋಡಿದರೆ ಅವಳು ಲಾರಿಯ ಮೆಟ್ಟಿಲ ಮೇಲೆ ಮಂಡಿಯೂರಿದ್ದಳು. ಮೀಸೆ ಇನ್ನೂ ಬಲಿಯದ ಡ್ರೈವರ್ ಸೀಟಿನಲ್ಲೇ ಒರಗಿದ್ದ. ಅವನ ತಲೆಗೆ ಚಾದರ ಸುತ್ತಿ ಒಂದೇ ಕೈಯಲ್ಲಿ ಒತ್ತಿ ಹಿಡಿದು ಅವನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ಅವಳ ಇನ್ನೊಂದು ಕೈ ಜೋತುಬಿದ್ದಿತ್ತು. ಡ್ರೈವರನ್ನು ಕೆಳಗಿಳಿಸಿ ನಾಲ್ಕು ಬಾರಿಸಬೇಕೆಂದು ಕೆಲವರು ಕೂಗಾಡುತ್ತಿದ್ದರು. ಅವಳನ್ನು ದಾಟಿ ಹೋಗಲು ಯಾರಿಗೂ ಮನಸ್ಸು ಬರಲಿಲ್ಲ.

ಆಂಬುಲೆನ್ಸ್ ಅವನನ್ನು ಕರೆದುಕೊಂಡು ಹೋದ ಮೇಲೆ ಪೊಲೀಸಿನವನು ಬಂದು ಏನಾಯಿತೆಂದು ಕೇಳಿದ. ಡಿಕ್ಕಿಯಾಗುವ ಹೊತ್ತಿಗೆ ದೀಪ ಯಾವ ಬಣ್ಣದಲ್ಲಿತ್ತೆಂದು ನೋಡಿದವರು ಒಬ್ಬರೂ ಇಲ್ಲ. ಸದ್ದು ಕೇಳಿ ಓಡಿ ಬಂದವರೇ ಎಲ್ಲ. ಆದರೆ ಅಕ್ಕ ಹೇಳಿದ್ದನ್ನು ಮಾತ್ರ ಕಿವಿಯಾರೆ ಕೇಳಿದ್ದರು. "ಈಯಮ್ಮನೇ ಹೇಳ್ತಿದ್ರು ಸರ್, ತಪ್ಪು ನಂದು, ತಪ್ಪು ನಂದು ಅಂತ." ಪೊಲೀಸಿನವನು ಬರೆದುಕೊಂಡ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಪಕ್ಕದ ಮನೆಯಲ್ಲಿ ಟ್ರಾಫಿಕ್ ಪೊಲೀಸಾಗಿ ನಿವೃತ್ತರಾದವರಿದ್ದಾರೆ, ಎಲ್ಲರ ಬಾಯಲ್ಲೂ ಸೀಟಿ ಮಾವ. ವಿಷಯ ತಿಳಿದು ಅಲ್ಲಿಗೇ ಬಂದರು. "ಗಾಡಿ ಅಲ್ಲಾಡಿಸಬೇಡಿ. ಮೊದಲು ಫೋಟೊ ತೆಗಿ. ಎರಡೂ ಗಾಡಿ, ನಂಬರು, ಟೈರಿನ ಗುರುತು, ದೀಪದ ಕಂಬ, ಎಲ್ಲಾನೂ. ಇಲ್ಲಿದ್ದೋರ ಹೆಸರು, ಫೋನು ತಗೋ. ನಿಮ್ಮಕ್ಕನ್ನ ಈಗಲೇ ಡಾಕ್ಟರ್ ಹತ್ರ ಕರಕೊಂಡು ಹೋಗು, ನೋವಿಲ್ಲ ಅಂದ್ರೂ ಬಿಡಬೇಡ. ಇನ್ಶೂರೆನ್ಸಿನವರಿಗೆ ಇವತ್ತೇ ತಿಳಿಸು. ಲಾರಿ ಕಡೆಯವರು ಕಾಗದ ತಂದ್ರೆ ಸಹಿ ಹಾಕ್ಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ದನಿ ತಗ್ಗಿಸಿದರು. "ತಪ್ಪು ಯಾರದು ಅಂತ ಮಾತ್ರ ಬಾಯಿ ಬಿಡಬಾರದಿತ್ತು. ನಿಮ್ಮಕ್ಕ ಅದೊಂದನ್ನೇ ಮಾಡಿ ಕೂತಿದಾಳೆ ನೋಡು."

ಅವರು ಹೇಳಿದ್ದನ್ನೆಲ್ಲ ಮಾಡಿದೆ. "ಏನೂ ನೋವಿಲ್ಲ, ನಿನಗೆ ಸುಮ್ಮನೆ ತೊಂದರೆ" ಎನ್ನುತ್ತಿದ್ದ ಅಕ್ಕನನ್ನು ಎಳೆದುಕೊಂಡು ಹೋಗಿ ತೋರಿಸಿದರೆ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಮನೆಗೆ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಹಸಿರು ದೀಪ ಇತ್ತು ಅಂತೀಯ. ಮತ್ತೆ ತಪ್ಪು ನಂದು ಅಂತ ಯಾಕಂದೆ?"

"ಅಂದೆ. ಅಷ್ಟೇ" ಅಂದಳು ಅಕ್ಕ.

"ಕುರ್ಚಿಗೆ ಹೇಳಿದ ಹಾಗೆ ಲಾರಿಗೂ ಹೇಳಿಬಿಟ್ಟೆಯಾ?"

ಅವಳು ನಕ್ಕು ಗೋಡೆಯ ಕಡೆ ತಿರುಗಿ ಮಲಗಿದಳು. ಅದಾಗಿ ಸ್ವಲ್ಪ ದಿನಕ್ಕೆ ಸಾರಿಗೆ ಕಚೇರಿಯಿಂದ ನೋಟಿಸು ಬಂತು. ವಿಚಾರಣೆ ಮುಗಿಯುವವರೆಗೆ ಲೈಸೆನ್ಸ್ ಅವರ ಹತ್ತಿರ ಇರುತ್ತದೆ, ತಪ್ಪು ಅವಳದೆಂದು ತೀರ್ಮಾನವಾದರೆ ರದ್ದಾಗುತ್ತದೆ. ಭಾವ ವ್ಯಾನಿನ ಕೀಯನ್ನು ಮತ್ತೆ ಮೊಳೆಗೆ ಹಾಕಲು ಹೋದರು. "ಇರಲಿ, ನನ್ನ ಹತ್ರಾನೇ ಇರಲಿ" ಎಂದು ಅಕ್ಕ ಇಸಿದುಕೊಂಡಳು.

ಪೆಟ್ಟಾದ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗಿಸಿಕೊಂಡೇ ಅವಳು ಅವತ್ತು ಸಹಾಯಕ್ಕೆ ಬಂದವರ ಮನೆ, ಅಂಗಡಿಗಳಿಗೆಲ್ಲ ಹೋಗಿ ಕೃತಜ್ಞತೆ ಹೇಳಿ ಬಂದಳು. ನಾನು ಜೊತೆಗೆ ಹೋದದ್ದು ಬೇರೆ ಲೆಕ್ಕಾಚಾರದಿಂದ. ಅವಳು ಟೀ ಅಂಗಡಿಯಾಕೆಯ ಕೈ ಹಿಡಿದು ಅವತ್ತು ಆಕೆ ನೀರು ಕೊಟ್ಟದ್ದನ್ನು ನೆನೆಯುತ್ತಿದ್ದರೆ, ನಾನು ಪಕ್ಕದಲ್ಲಿ ನಿಂತು "ವಿಚಾರಣೆಗೆ ಬರ್ತೀರಲ್ಲ?" ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಹೀಗೆ ಆ ಟೀ ಅಂಗಡಿಯಾಕೆ, ತೋಳು ಹಾಳು ಮಾಡಿದ ಅದೇ ದರ್ಜಿ, ಇಬ್ಬರು ಸಾಕ್ಷಿಗೆ ಸಿಕ್ಕಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಲಾರಿ ಡ್ರೈವರನ್ನು ನೋಡಲು ಆಸ್ಪತ್ರೆಗೂ ಹೊರಟಳು. ನಾನು ತಲೆ ಚಚ್ಚಿಕೊಂಡೆ. ವಾರ್ಡಿನಲ್ಲಿ ಅವನು ನಾವೇ ಒಗೆದ ಚಾದರದ ಮೇಲೆ ಅರೆಗಣ್ಣು ಮಾಡಿಕೊಂಡು ಮಲಗಿದ್ದ. ಅಕ್ಕ ಏನೋ ಹೇಳಲು ಬಾಗಿದಳು, ಅವನ ಮುಖ ನೋಡಿ ಸುಮ್ಮನಾದಳು. ಲಾರಿ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಅಲ್ಲೇ ಕಾದಿದ್ದ. ಕೈಯಲ್ಲಿ ತಪ್ಪೆಲ್ಲ ಅಕ್ಕನದೇ ಎಂದು ಬರೆದ ಕಾಗದ, ಮಾತು ಬೆಣ್ಣೆಯ ಹಾಗೆ. "ಇದೊಂದು ಸಣ್ಣ ಸಹಿ ಮೇಡಂ. ನಿಮ್ಮ ವ್ಯಾನ್ ರಿಪೇರಿ ನಮ್ಮದು, ಎಲ್ಲ ಇಲ್ಲಿಗೇ ಮುಗಿಯುತ್ತೆ." ಅಕ್ಕ ಪೆನ್ನು ಕೈಗೆ ತೆಗೆದುಕೊಂಡಾಗ ನಾನು ಹಿಂದಿನಿಂದ ಅವಳ ಬೆನ್ನಿಗೆ ತಿವಿದೆ. ಅವಳು ಕಾಗದವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, "ತಪ್ಪಾಯ್ತು ಸರ್, ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ" ಎಂದು ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು. ಕನ್ನಡಕ ಅವಳ ತಲೆಯ ಮೇಲಿತ್ತು. ಟೈಯವನು ಅದನ್ನೇ ನೋಡುತ್ತ ನಿಂತ. ಬಾಗಿಲ ಹೊರಗೆ ಬಂದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ವಿಚಾರಣೆ ನಡೆದದ್ದು ಸಾರಿಗೆ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಗಾಜು ಹೊದಿಸಿದ ಮೇಜಿನ ಆಚೆ ಒಬ್ಬ ಹಿರಿಯ ಹೆಂಗಸು, ಅವರೇ ಅಧಿಕಾರಿ. ಅಕ್ಕನ ಲೈಸೆನ್ಸ್ ಆ ಗಾಜಿನ ಮೇಲೆ ಬಿದ್ದಿತ್ತು. ಒಂದು ಕಡೆ ನಾವು, ಸೀಟಿ ಮಾವ, ಸಾಕ್ಷಿಗಳು. ಇನ್ನೊಂದು ಕಡೆ ಟೈಯವನು, ಅವನ ಪಕ್ಕದಲ್ಲಿ ತಲೆಗೆ ಪಟ್ಟಿ ಸುತ್ತಿದ ಡ್ರೈವರ್. ಅವನು ತಲೆ ಎತ್ತಲೇ ಇಲ್ಲ. ತನಗೆ ಹಸಿರು ದೀಪ ಇತ್ತು ಎಂದು ಅವನು ಹೇಳಿಕೆ ಕೊಟ್ಟಿದ್ದ.

ಮೊದಲು ದರ್ಜಿಯನ್ನು ಕೇಳಿದರು. "ಹೌದು ಮೇಡಂ, ತಪ್ಪು ನಂದು ಅಂದ್ರು. ಆದ್ರೆ ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ನಾನು ಅವರ ಅಂಗಿ ಕೆಡಿಸಿದಾಗಲೂ ಅವರು ಅದನ್ನೇ ಅಂದಿದ್ರು." ಕೋಣೆಯಲ್ಲಿ ನಗೆ ಹರಿಯಿತು. ಟೀ ಅಂಗಡಿಯಾಕೆಯೂ ಬಿಡಲಿಲ್ಲ. "ನಮ್ಮ ಅಂಗಡಿ ಬೆಂಚು ಮುರಿದು ಇವರು ಕೆಳಗೆ ಬಿದ್ರು ಮೇಡಂ. ಬೆಂಚಿಗೆ ಕ್ಷಮೆ ಕೇಳಿದ್ರು, ನನಗೂ ಕೇಳಿದ್ರು." ಅಧಿಕಾರಿಯೂ ಮುಗುಳ್ನಕ್ಕರು. ನಮ್ಮ ಕೇಸು ನಿಂತಿದ್ದದ್ದೇ ಇದರ ಮೇಲೆ. ಸೀಟಿ ಮಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

"ಹಾಗಾದ್ರೆ ನೀವೇ ಹೇಳಿ" ಎಂದು ಅಧಿಕಾರಿ ಅಕ್ಕನ ಕಡೆ ತಿರುಗಿದರು. "ಅಭ್ಯಾಸಬಲ ಅಂತಾರೆ ಇವರೆಲ್ಲ. ಅವತ್ತು ಅಭ್ಯಾಸಕ್ಕೆ ಬಾಯಿ ತಪ್ಪಿ ಬಂದ ಮಾತಾ ಅದು?"

ಹೌದು ಅಂದುಬಿಡು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅಷ್ಟು ಅಂದರೆ ಲೈಸೆನ್ಸು ಅವಳ ಕೈಗೆ ಬರುವ ಹಾಗಿತ್ತು.

"ಅಲ್ಲ ಮೇಡಂ" ಅಂದಳು ಅಕ್ಕ. "ಬೇಕಂತಲೇ ಹೇಳಿದೆ."

ಟೈಯವನ ಮುಖ ಅರಳಿತು. ಸೀಟಿ ಮಾವ ಹಣೆ ಹಿಡಿದುಕೊಂಡರು. ಭಾವ ಮಂಜುಗಣ್ಣುಗಳನ್ನು ಮುಚ್ಚಿಕೊಂಡರು. ನನಗೆ ಅವಳ ಬಾಯಿ ಮುಚ್ಚಿ ಹೊರಗೆ ಎಳೆದುಕೊಂಡು ಹೋಗುವಷ್ಟು ಸಿಟ್ಟು ಬಂತು.

ಅಕ್ಕ ಯಾರನ್ನೂ ನೋಡಲಿಲ್ಲ, ಮೇಜಿನ ಅಂಚು ಹಿಡಿದುಕೊಂಡಳು. "ಇವನ ತಲೆಯಿಂದ ರಕ್ತ ನಿಲ್ತಾ ಇರಲಿಲ್ಲ. ಚಾದರ ಒತ್ತಿ ಹಿಡಿದಷ್ಟೂ ನೆನೀತಿತ್ತು. ಆ ಸ್ಥಿತೀಲೂ ನನ್ನನ್ನೇ ಕೇಳ್ತಿದ್ದ. ನಿಮಗೇನಾಯ್ತಮ್ಮ, ನಂದೇ ತಪ್ಪಾ, ನಂದೇ ತಪ್ಪಾ ಅಂತ. ಉಸಿರು ಸಿಕ್ಕಿಹಾಕ್ಕೊಳ್ತಿತ್ತು. ಇವನು ಉಳಿಯಲ್ಲ ಅಂದ್ಕೊಂಡೆ. ಹೋಗ್ತಿರೋ ಜೀವದ ಕಿವೀಲಿ ಹೌದಪ್ಪ, ನಿಂದೇ ತಪ್ಪು ಅಂತ ಹೇಳಿ ಕಳಿಸೋಕಾಗುತ್ತಾ ಮೇಡಂ? ಅದಕ್ಕೆ ನಿಂದಲ್ಲ, ತಪ್ಪು ನಂದು ಅಂದೆ. ಅವನು ಕೇಳಿದಷ್ಟು ಸಲ ಅಂದೆ."

ಅಧಿಕಾರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಹಾಗಿದ್ರೆ ಇದನ್ನ ಮೊದಲೇ ಯಾಕೆ ಹೇಳಲಿಲ್ಲ? ನಿಮ್ಮ ಮನೆಯವರಿಗೂ ಹೇಳಿಲ್ಲ ಅನ್ಸುತ್ತೆ."

"ಅವನಿಗೆ ಕೊಟ್ಟ ಮಾತು ಅದು. ಅವನಿಗೆ ಗೊತ್ತಿಲ್ಲದ ಹಾಗೆ ಬೇರೆಯವರ ಹತ್ರ ವಾಪಸ್ ತಗೊಳ್ಳೋದು ಸರಿ ಅನ್ನಿಸಲಿಲ್ಲ. ಅವನಿಗೇ ಹೇಳೋಣ ಅಂತ ಆಸ್ಪತ್ರೆಗೆ ಹೋದೆ. ಇನ್ನೂ ಕಣ್ಣು ಬಿಡೋಕೂ ಕಷ್ಟಪಡ್ತಿದ್ದ." ಅಕ್ಕ ಡ್ರೈವರ್ ಕಡೆಗೆ ಪೂರ್ತಿ ತಿರುಗಿದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ನಡುಕವೂ ಇರಲಿಲ್ಲ. "ಈಗ ಎದ್ದು ಓಡಾಡ್ತಿದ್ದೀಯಲ್ಲಪ್ಪ. ಬದುಕಿರೋನಿಗೆ ನಿಜ ಹೇಳಬಹುದು. ನಿನಗೆ ಕೆಂಪು ದೀಪ ಇತ್ತು. ತಪ್ಪು ನಿಂದು."

ಟೈಯವನು ಏನೋ ಹೇಳಲು ಎದ್ದ. ಅವನಿಗಿಂತ ಮೊದಲು ಡ್ರೈವರ್ ಎದ್ದು ನಿಂತಿದ್ದ.

"ಕೆಂಪಿತ್ತು ಮೇಡಂ" ಅಂದ. "ಹಿಂದಿನ ದಿನದಿಂದ ಗಾಡಿ ಓಡಿಸ್ತಾನೇ ಇದ್ದೆ. ಕಂಪನಿಯವರು ಮಲಗೋಕೆ ಬಿಟ್ಟಿರಲಿಲ್ಲ, ಕೆಂಪು ದೂರದಿಂದ ಕಂಡಿತ್ತು, ಅಷ್ಟರಲ್ಲಿ ಕಣ್ಣು ಮುಚ್ಕೊಂಡುಬಿಡ್ತು. ಹಸಿರಿತ್ತು ಅಂತ ಹೇಳು ಅಂದ್ರು, ಹೇಳಿದೆ."

ಟೈಯವನು ಕೂತುಬಿಟ್ಟ. ಅಧಿಕಾರಿ ಬಹಳ ಹೊತ್ತು ಬರೆದರು. ಆಮೇಲೆ ಲೈಸೆನ್ಸನ್ನು ಗಾಜಿನ ಮೇಲೆ ಅಕ್ಕನ ಕಡೆಗೆ ಸರಿಸಿದರು. ಅಷ್ಟು ದಿನದ ಅಭ್ಯಾಸದ ಕಥೆಯನ್ನು ಬಲವಾಗಿ ನಂಬಿದ್ದವಳು ನಾನೇ. ಬೆನ್ನಿಗೇ ಹುಟ್ಟಿ, ಜೊತೆಗೆ ಬೆಳೆದು, ದಿನವಿಡೀ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ನಮ್ಮಕ್ಕ ಎಂಥವಳೆಂದು ನನಗೆ ಗೊತ್ತೇ ಇರಲಿಲ್ಲ.

ಅಕ್ಕ ಲೈಸೆನ್ಸ್ ಎತ್ತಿಕೊಳ್ಳುತ್ತಿದ್ದಾಗ ಡ್ರೈವರ್ ಮೇಜು ಸುತ್ತಿ ಅವಳ ಹತ್ತಿರ ಬಂದ. ಕೈ ಮುಗಿಯುವುದೋ ಬಿಡುವುದೋ ತಿಳಿಯದೆ ನಿಂತ.

"ಗುದ್ದಿದ ಮೇಲೆ ಆಗಿದ್ದು ನನಗೆ ಏನೂ ನೆನಪಿಲ್ಲಮ್ಮ" ಅಂದ. "ನೀವು ತಪ್ಪು ನಂದು ಅಂದಿದ್ದು ಒಂದೇ ನೆನಪು. ಅದು ಕೇಳಿದ ಮೇಲೆ ಸಾಯೋಕೆ ಭಯ ಆಗಲಿಲ್ಲ."